ಸ್ಟುಟ್‌ಗಾರ್ಟ್ ಭಾವ

ಹೊರದೇಶದಲ್ಲಿ ಸಂಸಾರ ಹೂಡಿ ರಜೆಗೆ ಊರಿಗೆ ಬರುವವರಲ್ಲಿ ಎರಡು ಪಂಗಡ. ಅಮೆರಿಕದವರು ಬಂದರೆ ಅವರ ಮನೆ ಎಷ್ಟು ದೊಡ್ಡದು, ಕಾರು ಎಷ್ಟು ಉದ್ದ ಎಂದು ಕೇಳಿಸಿಕೊಂಡರೆ ಮುಗಿಯಿತು. ಸಮಾಧಾನವಾಗಿ ಕಾಫಿ ಕುಡಿದು ಹೊರಟುಹೋಗುತ್ತಾರೆ. ಯುರೋಪಿನವರು ಹಾಗಲ್ಲ. ಅವರು ನಮ್ಮನ್ನು ತಿದ್ದಲು ಬರುತ್ತಾರೆ. ಅದರಲ್ಲೂ ಅಲ್ಲಿ ನಾಲ್ಕೈದು ಮಕ್ಕಳನ್ನು ಸಾಕಿ, ಅಷ್ಟೂ ಜನರನ್ನು ಕಟ್ಟಿಕೊಂಡು ದೇಶದಿಂದ ದೇಶಕ್ಕೆ ರೈಲು ಹತ್ತಿಳಿದು ಪಳಗಿದವರಿದ್ದಾರಲ್ಲ, ಅವರ ಮುಂದೆ ನಾವೆಲ್ಲ ಒಂದನೇ ಕ್ಲಾಸು. ಗುರುತು ಹಿಡಿಯುವುದು ಸುಲಭ. ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯುವ ಮೊದಲು ಅವರ ಮುಖ ಸಣ್ಣದಾಗುತ್ತದೆ, ಜರ್ಮನಿಯಲ್ಲಿ ಅಂಗಡಿಗೆ ವಾಪಸು ಕೊಟ್ಟರೆ 25 ಸೆಂಟು ಬರುತ್ತಿತ್ತು. ಬೇಕರಿಯ ಬ್ರೆಡ್ಡನ್ನು ಹೆಬ್ಬೆರಳಲ್ಲಿ ಒತ್ತಿ ನಿಟ್ಟುಸಿರು ಬಿಡುತ್ತಾರೆ. ಬೆಳಿಗ್ಗೆ ಎದ್ದವರೇ ಕಿಟಕಿಗಳನ್ನೆಲ್ಲ ಅಗಲಿಸಿ, "ಐದು ನಿಮಿಷ ಗಾಳಿ ಬದಲಾಗಲಿ" ಎನ್ನುತ್ತಾರೆ. ನಮ್ಮ ಶಿವಾಜಿನಗರದಲ್ಲಿ ಕಿಟಕಿ ತೆಗೆದರೆ ಬರುವುದು ಬಸ್ ಸ್ಟ್ಯಾಂಡಿನ ಹೊಗೆ, ಎದುರುಮನೆಯ ಕಬಾಬಿನ ಘಮ, ಮತ್ತು "ಏನ್ ಸಾರ್, ಎದ್ರಾ?" ಎಂದು ಕೇಳುವ ಪಕ್ಕದ ಮನೆಯವರು.

ಇಷ್ಟನ್ನೂ ಒಂದು ಪಂಗಡದ ಮೇಲೆ ಹೊರಿಸಿ ಹೇಳುತ್ತಿದ್ದೇನೆ, ಆದರೆ ನನ್ನ ಕಣ್ಣ ಮುಂದಿರುವುದು ಒಬ್ಬರೇ. ನನ್ನ ಅಕ್ಕನ ಗಂಡ.

ಭಾವ ಆಡುಗೋಡಿಯ ಮೈಕೋದಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಂದ ಸ್ಟುಟ್‌ಗಾರ್ಟಿಗೆ ಎರಡು ವರ್ಷಕ್ಕೆಂದು ಹೋದವರು. ಅಕ್ಕ ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಬಸ್ಸಿನಲ್ಲಿ ಓಡಾಡಿ, ಮೊದಲ ಹಂತದ ಜರ್ಮನ್ ಪಾಸು ಮಾಡಿಕೊಂಡು ಹಿಂದೆಯೇ ಹೋದಳು. ಎರಡು ವರ್ಷ ಮುಗಿಯಲಿಲ್ಲ, ಮಕ್ಕಳು ಐದಾದರು. ಮೊದಲು ಹುಡುಗಿ, ಆಮೇಲೆ ಹುಡುಗ, ಆಮೇಲೆ ಅವಳಿ ಗಂಡುಗಳು, ಕೊನೆಗೆ ಯಾರೂ ನಿರೀಕ್ಷಿಸದ ಚಿಕ್ಕವಳು. ಜರ್ಮನಿಯ ಉಳಿದ ರಾಜ್ಯಗಳು ಬೇಸಿಗೆ ರಜೆಯ ತಾರೀಖನ್ನು ವರ್ಷಕ್ಕೊಂದು ಸಲ ಆಚೀಚೆ ಮಾಡುತ್ತವಂತೆ. ಬವೇರಿಯಾ ಮತ್ತು ಭಾವನ ರಾಜ್ಯ ಬಾಡೆನ್-ವುರ್ಟೆಂಬರ್ಗ್ ಮಾತ್ರ ಜಗ್ಗುವುದಿಲ್ಲ: ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ. ಹಾಗಾಗಿ ನಮಗೆ ಯಾವಾಗ ಏನು ಕಾದಿದೆ ಎಂಬುದು ಮೊದಲೇ ಗೊತ್ತಿರುತ್ತದೆ.

ಐದು ಮಕ್ಕಳೆಂದರೆ ಕರ್ನಾಟಕದಲ್ಲೂ ಈಗ ಸುದ್ದಿಯೇ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜರ್ಮನಿಯಲ್ಲಿ ಅದಕ್ಕಿಂತಲೂ ಕಮ್ಮಿ. ಅದಕ್ಕೇ ಅಲ್ಲಿನ ಸರ್ಕಾರ ಮಗುವೊಂದಕ್ಕೆ ತಿಂಗಳಿಗಿಷ್ಟು ಎಂದು (2025ರಲ್ಲಿ 255 ಯೂರೋ) ಕೊಡುತ್ತದೆ, ಹದಿನೆಂಟು ತುಂಬುವವರೆಗೆ, ಓದುತ್ತಿದ್ದರೆ ಇಪ್ಪತ್ತೈದರವರೆಗೆ. ಈ ವಿಷಯ ಕೇಳಿ ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ಕೂತುಬಿಟ್ಟಳು. ಕೆಂಪು ತ್ರಿಕೋನದ ಗೋಡೆಬರಹ, ನಾವಿಬ್ಬರು ನಮಗಿಬ್ಬರು ಎಂಬ ಘೋಷಣೆ ನೋಡುತ್ತಾ ಸಂಸಾರ ಮಾಡಿದವಳು ಅವಳು. "ನಮ್ ಕಾಲದಲ್ಲಿ ಮೂರನೇದಾದ್ರೆ ಡಾಕ್ಟ್ರು ಬೈಯ್ಯೋರು ಕಣೋ. ಅಲ್ಲಿ ಸಂಬಳ ಕೊಡ್ತಾರಾ?" ಭಾವ ಕನ್ನಡಕ ಸರಿಮಾಡಿಕೊಂಡು, "ಸಂಬಳ ಅಲ್ಲ ಅತ್ತೆ, ಮಕ್ಕಳ ಹಕ್ಕು" ಎಂದರು. ಓಣಿಯವರು ಮಾತ್ರ ಆಗಲೇ ಐದರಿಂದ ಗುಣಿಸಿ, ರೂಪಾಯಿಗೆ ತಿರುಗಿಸಿ, ಮೂರನೇ ಮನೆಯವರೆಗೆ ಸುದ್ದಿ ಮುಟ್ಟಿಸಿಯಾಗಿತ್ತು.

ಪ್ರವಾಸದ ಕತೆಗಳು ರಾತ್ರಿ ಊಟದ ಹೊತ್ತಿಗೆ. ಯುರೋಪಿನ ಹೋಟೆಲುಗಳಲ್ಲಿ ಏಳು ಜನಕ್ಕೆ ಒಂದೇ ಕೋಣೆ ಸಿಗುವುದು ಕಷ್ಟ. ಎರಡು ಹಿಡಿದರೆ ಭಾವನಿಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ಅವರು ಆ ಖಂಡವನ್ನು ನೋಡಿದ್ದೆಲ್ಲ ಟೆಂಟಿನ ಬಾಗಿಲಿನಿಂದ, ಒಂದು ರೈಸ್ ಕುಕ್ಕರ್ ಮತ್ತು ಒಂದು ಡಬ್ಬಿ ಪುಳಿಯೋಗರೆ ಗೊಜ್ಜಿನ ಸಮೇತ. ಐಫೆಲ್ ಗೋಪುರ 330 ಮೀಟರ್ ಎತ್ತರವಿದೆಯಂತೆ ಹೌದಾ ಎಂದು ಕೇಳಿ. "ಇರಬಹುದು. ಅದರ ಬುಡದಲ್ಲಿ ಶೌಚಾಲಯಕ್ಕೆ ಸಾಲು ಎಷ್ಟಿತ್ತು ಗೊತ್ತಾ?" ಎನ್ನುತ್ತಾರೆ. ಐದು ಮಕ್ಕಳ ತಂದೆಗೆ ಯುರೋಪೆಂದರೆ ಒಂದು ಶೌಚಾಲಯದಿಂದ ಮುಂದಿನ ಶೌಚಾಲಯಕ್ಕಿರುವ ದೂರ.

ರೈಲಿನ ರಿಯಾಯಿತಿಗಳಂತೂ ಅವರಿಗೆ ಬಾಯಿಪಾಠ. ಜರ್ಮನಿಯ ದೂರದ ರೈಲುಗಳಲ್ಲಿ ಹೆತ್ತವರ ಜೊತೆ ಹೋಗುವ, ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ಟಿಲ್ಲ. ದೊಡ್ಡವಳ ಹದಿನೈದನೇ ಹುಟ್ಟುಹಬ್ಬದ ದಿನ ಭಾವ ಕೇಕ್ ಕತ್ತರಿಸುವಾಗ ಮಂಕಾಗಿದ್ದರು ಎಂದು ಅಕ್ಕ ಹೇಳುತ್ತಾಳೆ. ಫ್ರಾನ್ಸಿನಲ್ಲಿ ದೊಡ್ಡ ಸಂಸಾರದವರಿಗೇ ಒಂದು ರೈಲು ಕಾರ್ಡು ಇದೆ, 1921ರಷ್ಟು ಹಳೆಯದು. ಮೂರು ಮಕ್ಕಳಿದ್ದರೆ ನೂರಕ್ಕೆ 30 ಕಡಿತ, ನಾಲ್ಕಿದ್ದರೆ 40, ಐದಿದ್ದರೆ 50. "ಆರಾದರೆ ನೇರ 75!" ಎಂದು ಭಾವ ಒಮ್ಮೆ ಊಟದ ಮಧ್ಯೆ ಮೈಮರೆತು ಕೂಗಿದರು. ಅಕ್ಕ ಮಜ್ಜಿಗೆ ಬಡಿಸುತ್ತಿದ್ದ ಕೈ ನಿಲ್ಲಿಸಿ ನೋಡಿದ ನೋಟಕ್ಕೆ ಫ್ರಾನ್ಸಿನ ಪ್ರಸ್ತಾಪ ಆ ರಜೆಯಲ್ಲಿ ಮತ್ತೆ ಬರಲಿಲ್ಲ.

ಪ್ರವಾಸಗಳಿಂದಲೇ ಬಂದ ಇನ್ನೊಂದು ಅಭ್ಯಾಸ, ತಲೆ ಎಣಿಸುವುದು. ಜನ ಸೇರಿದ ಕಡೆ ಭಾವ ತಟ್ಟನೆ ನಿಂತು ಕೈ ಎತ್ತುತ್ತಾರೆ. ಮಕ್ಕಳು ವಯಸ್ಸಿನ ಪ್ರಕಾರ ಜರ್ಮನ್‌ನಲ್ಲಿ ತಂತಮ್ಮ ಸಂಖ್ಯೆ ಕೂಗಬೇಕು: ಐನ್ಸ್, ಟ್ಸ್ವೈ, ಡ್ರೈ, ಫಿಯರ್, ಫ್ಯೂನ್ಫ್. ಮ್ಯೂನಿಕ್ಕಿನ ರೈಲು ನಿಲ್ದಾಣದಲ್ಲಿ ಇದು ಚೆನ್ನಾಗಿ ನಡೆಯಬಹುದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸಂಜೆ ಆರಕ್ಕೆ ನಡೆಸಿದರೆ ಏನಾಗುತ್ತದೆ? ಹರಾಜು ಎಂದುಕೊಂಡು ಜನ ಸೇರಿದರು. ರಸೆಲ್ ಮಾರ್ಕೆಟ್ ಎದುರಿಗೆ ಹೂವು ಮಾರುವಾಕೆಗೆ ಒಂದು ವಾರದಲ್ಲಿ ಐದೂ ಸಂಖ್ಯೆ ಬಾಯಿಗೆ ಬಂದು, ನಾವು ಕಂಡೊಡನೆ ಆಕೆಯೇ ಶುರುಮಾಡುತ್ತಿದ್ದಳು. 1927ರಲ್ಲಿ ಕಟ್ಟಿದ ಆ ಮಾರ್ಕೆಟ್ಟು ದಂಡಿನ ದೊರೆಗಳ ಭಾಷೆಯನ್ನು ಸಾಕಷ್ಟು ಕೇಳಿರಬೇಕು, ಜರ್ಮನ್ ಎಣಿಕೆ ಹೊಸದು.

ಇಷ್ಟನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಮೆಟ್ಟಿಲಿನ ಪ್ರಕರಣ.

ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಕೇರ್‌ವೋಖೆ ಎಂಬ ವ್ರತವೊಂದಿದೆ, ಅಂದರೆ ಗುಡಿಸುವ ವಾರ. ಒಂದೇ ಕಟ್ಟಡದಲ್ಲಿರುವವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ, ಮುಗಿಸಿದವರು ಅದನ್ನು ಪಕ್ಕದವರ ಬಾಗಿಲಿಗೆ ದಾಟಿಸುತ್ತಾರೆ. ಹದಿನೈದನೇ ಶತಮಾನದಿಂದ ನಡೆದುಬಂದಿದೆ ಎಂದು ಅಲ್ಲಿಯವರು ಹೆಮ್ಮೆಪಡುತ್ತಾರೆ. ಐದು ಮಕ್ಕಳ ಸಂಸಾರಕ್ಕೆ ಬಾಡಿಗೆ ಮನೆ ಕೊಡಲು ಅಲ್ಲಿ ಮಾಲೀಕರು ಹಿಂದೆಮುಂದೆ ನೋಡುತ್ತಿದ್ದಾಗ, ಭಾವ ಮೆಟ್ಟಿಲನ್ನು ಕನ್ನಡಿಯಂತೆ ಹೊಳೆಯಿಸಿಯೇ ಕಟ್ಟಡದವರ ಮನಸ್ಸು ಗೆದ್ದರಂತೆ. ಆ ವಿಜಯವನ್ನು ಶಿವಾಜಿನಗರದಲ್ಲೂ ಸ್ಥಾಪಿಸಬೇಕೆಂದು ಅವರಿಗೆ ಅನ್ನಿಸಿತು.

ನಾರಾಯಣ ಪಿಳ್ಳೈ ಬೀದಿಯ ಹತ್ತಿರದ ಸಂದಿಯಲ್ಲಿ ನಮ್ಮದು ಅಪ್ಪ ಕಟ್ಟಿಸಿದ ಮನೆ. ಕೆಳಗೆ ಟೈಲರ್ ಅಂಗಡಿ, ಮೊದಲ ಮಹಡಿಯಲ್ಲಿ ನಾವು, ಎರಡನೆಯದರಲ್ಲಿ ನಾವೆಲ್ಲ ಖಾಲಾ ಎಂದು ಕರೆಯುವ ಹಿರಿಯಾಕೆಯ ಸಂಸಾರ, ಮೂರನೆಯದರಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ತಮಿಳರು. ಭಾವ ತಾರಸಿಯ ಮೇಲೆ ಸಭೆ ಕರೆದರು. ಅಮ್ಮ ಮೆಣಸಿನಕಾಯಿ ಬಜ್ಜಿ ಮಾಡಿದ್ದಳು. ಬಜ್ಜಿ ಇದ್ದರೆ ನಮ್ಮ ಕಟ್ಟಡದವರು ಯಾವ ಸಂಧಾನಕ್ಕೂ ಸಿದ್ಧ, ಎಲ್ಲರೂ ತಲೆಯಾಡಿಸಿದರು. ಮರುದಿನವೇ ನಾಮಫಲಕದ ಅಂಗಡಿಯಿಂದ ಕನ್ನಡ, ಉರ್ದು, ತಮಿಳಿನಲ್ಲಿ ಬರೆಸಿದ ಫಲಕ ಬಂತು: "ಈ ವಾರ ಮೆಟ್ಟಿಲು ನಿಮ್ಮದು."

ಮೊದಲ ವಾರ ನಮ್ಮದು, ಅಂದರೆ ನನ್ನದು. ನಾನು ಪ್ಯಾಂಟು ಮಡಚಿ ಮೂರು ಮಹಡಿ ಒರೆಸುವುದನ್ನು ನನ್ನ ಹೆಂಡತಿ ಮೇಲಿನಿಂದ ವಿಡಿಯೋ ಮಾಡಿ ತವರಿಗೆ ಕಳಿಸಿದಳು. ಮದುವೆಯಾದ ಮೇಲೆ ಅವಳು ನನ್ನ ಬಗ್ಗೆ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಎರಡನೇ ವಾರ ಫಲಕ ಖಾಲಾ ಮನೆಗೆ ಹೋಯಿತು. ಮಾರನೇ ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಅವರ ಮೊಮ್ಮಗನ ಸೈಕಲ್ಲು, ಒಂದು ಚಪ್ಪಲಿ ಸ್ಟ್ಯಾಂಡು, ಎರಡು ಮೂಟೆ ಈರುಳ್ಳಿ. ಭಾವ ಹೋಗಿ ಕೇಳಿದರೆ ಖಾಲಾ ಫಲಕವನ್ನೇ ತೋರಿಸಿದರು. "ಮೆಟ್ಟಿಲು ನಿಮ್ಮದು ಅಂತ ನೀವೇ ಬರೆಸಿದ್ದೀರಲ್ಲ ಬೇಟಾ!" ಮೂರನೇ ವಾರ ಗಾರ್ಡ್ ಸಾಹೇಬರದು. ಅವರು ಶ್ರದ್ಧೆಯ ಮನುಷ್ಯರು. ಒಂದು ರಿಜಿಸ್ಟರ್ ತಂದು, ಮೆಟ್ಟಿಲನ್ನು ಯಾವ ಸ್ಥಿತಿಯಲ್ಲಿ ವಶಕ್ಕೆ ಪಡೆದೆ, ಎಷ್ಟು ಗಂಟೆಗೆ ಎಂದು ಬರೆದು, ಭಾವನ ಸಹಿ ಬೇಕೆಂದರು. ಬೆಳಿಗ್ಗೆ ಐದೂಕಾಲಿಗೆ. ಟೈಲರ್ ಫಲಕವನ್ನು ಅಂಗಡಿಯ ಹೊರಗೆ ತಗುಲಿಸಿ, ಅದರ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬ್ಲೌಸಿನ ಅಳತೆ ಬರೆದುಕೊಳ್ಳತೊಡಗಿದ.

ಕೊನೆಗೆ ಬಂದವಳು ಹಲಸೂರಿನಿಂದ ದಿನ ಬಿಟ್ಟು ದಿನ ಬಂದು ಮೆಟ್ಟಿಲು ಗುಡಿಸುವ ಅಜ್ಜಿ. ನಾವ್ಯಾರೂ ಅವಳನ್ನು ಸಭೆಗೆ ಕರೆದಿರಲಿಲ್ಲ. "ನನ್ನ ಕೆಲಸ ಕಿತ್ಕೊಂಡ್ರಾ?" ಎಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಭಾವ ತಾಳ್ಮೆಯಿಂದ ವಿವರಿಸಿದರು: ಜರ್ಮನಿಯಲ್ಲಿ ಎಂಥ ದೊಡ್ಡ ಇಂಜಿನಿಯರಾದರೂ ತಮ್ಮ ಮೆಟ್ಟಿಲನ್ನು ತಾವೇ ಗುಡಿಸುತ್ತಾರೆ. ಅಜ್ಜಿಯ ಸಿಟ್ಟು ಅಲ್ಲೇ ಇಳಿದುಹೋಯಿತು. "ಅಯ್ಯೋ ಪಾಪ, ಅಷ್ಟೊಂದು ಬಡತನವಾ ಸ್ವಾಮಿ ಅಲ್ಲಿ?" ಎಂದು ಕೇಳಿ, ಫಲಕವನ್ನು ತಾನೇ ತೆಗೆದುಕೊಂಡಳು. ಈಗ ಯಾರು ತಿಂಗಳ ದುಡ್ಡು ಕೊಟ್ಟಿಲ್ಲವೋ ಅವರ ಬಾಗಿಲಿಗೆ ಅದನ್ನು ನೇತುಹಾಕುತ್ತಾಳೆ. ಓಣಿಯವರೆಲ್ಲ ನೋಡುತ್ತಾರೆ, ಸಂಜೆಯೊಳಗೆ ದುಡ್ಡು ಬರುತ್ತದೆ. ಹೋದ ತಿಂಗಳು ಅದು ನನ್ನ ಬಾಗಿಲಲ್ಲಿತ್ತು.

ಭಾನುವಾರದ ಮೌನವ್ರತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜರ್ಮನಿಯಲ್ಲಿ ಅವತ್ತು ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿಯನ್ನು ತೊಟ್ಟಿಗೆ ಹಾಕುವಂತಿಲ್ಲ. ನಮ್ಮಲ್ಲಿ ಭಾನುವಾರವೇ ಬೀದಿ ತುಂಬುವುದು. ಅಮ್ಮ ಮಿಕ್ಸಿ ಹಾಕಿದಾಗ ಭಾವ ಒಂದು ಸಲ ಬಾಗಿಲಲ್ಲಿ ಬಂದು ನಿಂತರು. ಅಮ್ಮ, "ಚಟ್ನಿ ಬೇಡ್ವಾ?" ಎಂದಳು. ಬೇಕಿತ್ತು.

ಈ ಮನುಷ್ಯ ಯಾಕೆ ಹೀಗೆ ಎಂದು ನಾನು ಗೊಣಗುತ್ತಿದ್ದಾಗ ಅಕ್ಕ ಒಮ್ಮೆ ಬಟ್ಟೆ ಮಡಚುತ್ತಾ ಹೇಳಿದಳು. ಅವಳಿಗಳು ಹುಟ್ಟಿದಾಗ ಅಮ್ಮ ಬಾಣಂತನಕ್ಕೆ ಹೋಗಿದ್ದಳು. ಆ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಲು ಅವಕಾಶ. ಅಲ್ಲಿಯ ಸೂಲಗಿತ್ತಿ ದಿನಾ ಮನೆಗೇ ಬರುತ್ತಿದ್ದಳು, ಅದರ ಖರ್ಚು ಆರೋಗ್ಯ ವಿಮೆಯದು. ಆಕೆ ಕೂಸುಗಳನ್ನು ಚಳಿಯಲ್ಲಿ ಗಾಡಿಯಲ್ಲಿ ಸುತ್ತಾಡಿಸಿ ಎನ್ನುವುದು, ಅಮ್ಮ ಕಿವಿಗೆ ಕುಲಾವಿ ಬಿಗಿದು ಸಾಂಬ್ರಾಣಿ ಹೊಗೆ ಹಾಕುವುದು, ಹೊಗೆಗೆ ಅಲಾರಂ ಕೂಗಿಕೊಳ್ಳುವುದು. ಆದರೂ ಇಬ್ಬರೂ ಜಗಳವಾಡಿಕೊಂಡೇ ಒಗ್ಗಿಕೊಂಡಿದ್ದರು. ತೊಂಬತ್ತು ದಿನ ತುಂಬಿ ಅಮ್ಮ ವಿಮಾನ ಹತ್ತಿದ ರಾತ್ರಿ, ನಾಲ್ಕು ಮಕ್ಕಳೂ ಒಟ್ಟಿಗೆ ಅಳುತ್ತಿದ್ದಾಗ, ಭಾವ ಅಡುಗೆಮನೆಯಲ್ಲಿ ಕೂತು ಸ್ಕೇಲು ಪೆನ್ಸಿಲು ಹಿಡಿದು ಒಂದು ವೇಳಾಪಟ್ಟಿ ಎಳೆದರಂತೆ. ಯಾರಿಗೆ ಎಷ್ಟು ಗಂಟೆಗೆ ಹಾಲು, ಯಾರು ಯಾರ ಜೋಡು ಕಟ್ಟಬೇಕು, ಕಸ ಯಾವ ದಿನ, ಯಾರಿಗೆ ಜ್ವರ ಬಂದರೆ ಯಾರು ರಜೆ. "ನಮ್ಮನೇಲಿ ಅಜ್ಜಿ, ಚಿಕ್ಕಮ್ಮ, ಖಾಲಾ, ಮೇಲಿನ ಮನೆ ಅಣ್ಣ ಅಂತ ಎಷ್ಟು ಕೈ ಇತ್ತು. ಅಲ್ಲಿ ಫ್ರಿಜ್ ಮೇಲೆ ಆ ಹಾಳೆ ಒಂದೇ ಇದ್ದಿದ್ದು ಕಣೋ" ಎಂದಳು. ನಾನು ಗೊಣಗುವುದನ್ನು ಆ ಹೊತ್ತಿಗೆ ನಿಲ್ಲಿಸಿದೆ. ಮರುದಿನ ಅವರು ನನ್ನ ಕಸದ ಬುಟ್ಟಿಯೊಳಗೆ ಕೈಹಾಕಿ ಹಸಿ ಒಣ ಬೇರೆಯಾಗಿದೆಯೇ ಎಂದು ನೋಡಿದಾಗ ಮತ್ತೆ ಶುರುಮಾಡಿದೆ.

ಆಗಸ್ಟ್ 29ಕ್ಕೆ ಸೇಂಟ್ ಮೇರಿ ಬಸಿಲಿಕಾದಲ್ಲಿ ಬಾವುಟ ಏರುತ್ತದೆ. ಸೆಪ್ಟೆಂಬರ್ 8ರ ತೇರಿನವರೆಗೆ ಶಿವಾಜಿನಗರದಲ್ಲಿ ಕಾವಿ ಬಟ್ಟೆ ತೊಟ್ಟ ಭಕ್ತರ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಈ ಸಲ ತೇರಿನ ಸಂಜೆ ಭಾವ ಕೈ ಎತ್ತಿದಾಗ ನಾಲ್ಕೇ ಸಂಖ್ಯೆ ಬಂದವು. ಅವರ ಬಣ್ಣ ಹೋದದ್ದನ್ನು ನಾನು ಕಂಡೆ. ಮತ್ತೆ ಕೂಗಿಸಿದರು, ಮತ್ತೆ ನಾಲ್ಕು. ನಾನು ಒಂದು ಕಡೆ ಓಡಿದೆ, ಅಕ್ಕ ಇನ್ನೊಂದು ಕಡೆ. ಅಷ್ಟರಲ್ಲಿ ಮಾರ್ಕೆಟ್ ಕಡೆಯಿಂದ ಹೂವಿನಾಕೆಯ ದೊಡ್ಡ ದನಿ ಕೇಳಿಸಿತು: "ಫ್ಯೂನ್ಫ್ ಇಲ್ಲಿದೆ ಸಾಮೀ!" ಚಿಕ್ಕವಳು ಬುಟ್ಟಿಯ ಪಕ್ಕ ಕೂತು ಮಲ್ಲಿಗೆ ಕಟ್ಟುವುದನ್ನು ಕಲಿಯುತ್ತಿದ್ದಳು. ಬನ್ನಿನ ಅಂಗಡಿಯವನು ಟೈಲರ್‌ಗೆ ಒಪ್ಪಿಸಿ, ಟೈಲರ್ ಬಳೆಯವನಿಗೆ ಒಪ್ಪಿಸಿ, ಅವನು ಅಲ್ಲಿ ತಲುಪಿಸಿದ್ದನಂತೆ. ಕೈಯಲ್ಲಿ ಒಂದು ಬನ್ನು, ತಲೆಯಲ್ಲಿ ಒಂದು ಮೊಳ ಹೂವು, ಬಾಯಲ್ಲಿ ಅಪ್ಪನಿಗೆ ಒಂದು ಮಾತು: "ಅಬ್ಬಿಚ್ ಘರ್ ನಕ್ಕೋ." ಈಗಲೇ ಮನೆ ಬೇಡವಂತೆ.

ಹೊರಡುವ ಹಿಂದಿನ ರಾತ್ರಿ ಭಾವ ತಾರಸಿಯಲ್ಲಿ ಸೂಟ್‌ಕೇಸುಗಳನ್ನು ತೂಗುತ್ತಿದ್ದರು, ಒಂದೊಂದು 23 ಕೆಜಿ, ನೂರು ಗ್ರಾಂ ಆಚೀಚೆ ಇಲ್ಲ. ನಾನು ಹಗ್ಗ ಹಿಡಿದಿದ್ದೆ. ಮಕ್ಕಳು ಖಾಲಾ ಮನೆಯಲ್ಲಿ ಊಟಕ್ಕೆ ಕೂತಿದ್ದರು, ಹತ್ತು ಗಂಟೆಯಾದರೂ ಯಾರೂ ಎಣಿಸಲು ಹೋಗಿರಲಿಲ್ಲ. "ರಿಟೈರ್ ಆದ್ಮೇಲೆ ಇಲ್ಲೇ ಬಂದ್ಬಿಡೋಣ ಅನ್ಸತ್ತೆ ಕಣೋ" ಎಂದರು, ತಕ್ಕಡಿಯ ಮುಳ್ಳು ನೋಡುತ್ತಲೇ. "ಮೂರನೇ ಮಹಡಿ ಖಾಲಿಯಾದ್ರೆ ಮೊದ್ಲು ನಂಗೆ ಹೇಳು."

"ಆಗ್ಲಿ ಭಾವ" ಎಂದೆ. ಮರುದಿನ ಅವರ ವಿಮಾನ ಹಾರಿದ ಮೇಲೆ ಗಾರ್ಡ್ ಸಾಹೇಬರ ಮನೆಗೆ ಹೋಗಿ, ಈ ವರ್ಷ ಬಾಡಿಗೆ ಏರಿಸುವುದಿಲ್ಲ ಎಂದು ಹೇಳಿ ಬಂದೆ. ಅವರು ಅದನ್ನೂ ರಿಜಿಸ್ಟರಿನಲ್ಲಿ ಬರೆದು ನನ್ನ ಸಹಿ ಹಾಕಿಸಿಕೊಂಡರು.