ಗುಂಡಿ ಗುಳೆ ಹೋಯಿತು

ಗೌರಿಬಿದನೂರಿನಲ್ಲಿ ಯಾರನ್ನಾದರೂ ವಿಳಾಸ ಕೇಳಿ ನೋಡಿ. ರಸ್ತೆಯ ಹೆಸರು, ಮನೆ ನಂಬರು ಬಾಯಿಗೆ ಬರುವುದೇ ಇಲ್ಲ. 'ಹಿಂಗೇ ಸೀದಾ ಹೋಗಿ ಸಾರ್, ಒಂದು ಬೇವಿನಮರ ಸಿಗ್ತದೆ, ಅಲ್ಲಿಂದ ಎಡಕ್ಕೆ ಹಿಟ್ಟಿನ ಗಿರಣಿ, ಗಿರಣಿ ಎದುರಿಗೇ ನೀಲಿ ಬಾಗಿಲು' ಎನ್ನುತ್ತಾರೆ. ಗಿರಣಿ ಮುಚ್ಚಿ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದು ಎಷ್ಟೋ ಕಾಲವಾಗಿರುತ್ತದೆ. ಗುರುತು ಮಾತ್ರ ಗಿರಣಿಯದೇ. ಡಿಟಿಪಿ, ಝೆರಾಕ್ಸ್, ಲ್ಯಾಮಿನೇಷನ್ ಎಂದು ಬೋರ್ಡು ಹಾಕಿಕೊಂಡಿರುವ ನನ್ನ ಅಂಗಡಿಗೆ ಬರುವವರು ಕಂಪ್ಯೂಟರನ್ನೂ ಇದೇ ರೀತಿಯಲ್ಲಿ ಕಲಿತವರು.

ದಿನಾ ಬರುವ ಪತ್ರ ಬರಹಗಾರರೊಬ್ಬರಿದ್ದಾರೆ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಯಾವುದನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಚೆಕ್ಕುಬಂದಿ ಸಮೇತ ಒಪ್ಪಿಸುವವರು. ಇಂಗ್ಲಿಷ್ ಬಾರದು. ಆದರೂ ಅಂಗಡಿಯಲ್ಲಿ ಗಿರಾಕಿ ಜಾಸ್ತಿಯಿದ್ದರೆ ತಾವೇ ಕುರ್ಚಿ ಎಳೆದುಕೊಂಡು ಕೂತು ತಮ್ಮ ಹಳೆಯ ಪತ್ರವನ್ನು ಹುಡುಕಿ ತೆಗೆಯುತ್ತಿದ್ದರು. ಅವರ ದಾರಿ ಹೀಗೆ: ಕೆಳಗೆ ಎಡಮೂಲೆ, ಅಲ್ಲಿಂದ ಮೇಲಕ್ಕೆ, ಹಳದಿ ಚೀಲ, ಚೀಲದೊಳಗೆ ಮೂರನೇ ಚೀಲ. ಮೂಲೆಯ ಗುಂಡಿಯ ಮೇಲೆ 'ಸ್ಟಾರ್ಟ್' ಎಂದು ಬರೆದಿದ್ದ ಕಾಲದಲ್ಲಿ ಅವರು ಅದನ್ನು ಓದಲಿಲ್ಲ, ಆ ಅಕ್ಷರ ಅಳಿಸಿಹೋದ ಕಾಲದಲ್ಲಿ ಅವರಿಗೇನೂ ನಷ್ಟವಾಗಲಿಲ್ಲ. ಚೆಕ್ಕುಬಂದಿ ಸರಿಯಿದ್ದರೆ ಜಮೀನು ಎಲ್ಲಿಗೆ ಹೋಗುತ್ತದೆ?

ಜಮೀನು ಎಲ್ಲಿಗೂ ಹೋಗಲಿಲ್ಲ, ಗುಂಡಿ ಗುಳೆ ಹೋಯಿತು.

ಹಳೆಯ ಕಂಪ್ಯೂಟರಿಗೆ ಇನ್ನು ಮುಂದೆ ಹೇಳುವವರು ಕೇಳುವವರು ಯಾರೂ ಇಲ್ಲ, ವೈರಸ್ ಬಂದರೆ ನಿಮ್ಮ ಹಣೆಬರಹ ಎಂದು ಎಲ್ಲರೂ ಹೆದರಿಸಿದರು. ಅದೇ ಮಷೀನಿಗೆ ಹೊಸ ವ್ಯವಸ್ಥೆ ಹಾಕಿಸೋಣವೆಂದರೆ ಅದರ ಹೊಟ್ಟೆಯಲ್ಲಿ ಯಾವುದೋ ಚಿಪ್ ಇಲ್ಲವಂತೆ, ಅರ್ಹತೆ ಸಾಲದಂತೆ. ಸರಿ, ಸಾಲಸೋಲ ಮಾಡಿ ಲ್ಯಾಪ್‌ಟಾಪ್ ತಂದದ್ದಾಯಿತು. ಯಾವ ಕಂಪನಿ, ಯಾವ ಆವೃತ್ತಿ ಎಂದು ಮಾತ್ರ ಕೇಳಬೇಡಿ. ನಮ್ಮ ಅಜ್ಜಿಯರು ಗಂಡನ ಹೆಸರು ಹೇಳದೆಯೇ ಜೀವಮಾನವಿಡೀ ಸಂಸಾರ ಮಾಡಿದರು. ನಾನೂ ಹಾಗೇ ನಿಭಾಯಿಸುತ್ತಿದ್ದೇನೆ.

ತೆರೆದು ನೋಡಿದರೆ ಗುಂಡಿ ಮೂಲೆಯಿಂದೆದ್ದು ನಟ್ಟನಡುವೆ ಬಂದು, ಅಕ್ಕಪಕ್ಕದಲ್ಲಿ ಬಣ್ಣಬಣ್ಣದ ಪರಿವಾರ ಕಟ್ಟಿಕೊಂಡು ಕೂತಿದೆ. ಅಲ್ಲಾದರೂ ನೆಲೆ ನಿಂತಿತೇ? ಇನ್ನೊಂದು ತಂತ್ರಾಂಶ ತೆರೆದರೆ ಪರಿವಾರಕ್ಕೆ ಒಬ್ಬ ಸೇರುತ್ತಾನೆ, ಗುಂಡಿ ಒಂದಿಷ್ಟು ಎಡಕ್ಕೆ ಸರಿದು ಜಾಗ ಬಿಡುತ್ತದೆ. ಮುಚ್ಚಿದರೆ ಮತ್ತೆ ಬಲಕ್ಕೆ ಜರುಗುತ್ತದೆ. ಪತ್ರ ಬರಹಗಾರರು ಅಭ್ಯಾಸಬಲದಿಂದ ಮೌಸನ್ನು ಎಡಮೂಲೆಗೆ ತಳ್ಳಿ ಒತ್ತಿದರು. ಅಲ್ಲೀಗ ಹವಾಮಾನ ಇದೆ. 'ಬಿಸಿಲು' ಎಂದು ಬಂತು. ಅದರ ಬೆನ್ನಿಗೇ ಯಾವುದೋ ನಟಿಯ ಮದುವೆ, ಅಮೆರಿಕದ ಶೇರುಪೇಟೆ, ಹೊಟ್ಟೆ ಕರಗಿಸುವ ಐದು ಉಪಾಯ.

'ಇದನ್ನೆಲ್ಲ ನಾನು ಕೇಳಿದ್ನಾ ಸಾರ್?' ಎಂದರು. 'ಬಿಸ್ಲು ಐತೆ ಅಂತ ಬಾಗಿಲಲ್ಲಿ ನಿಂತ್ಕಂಡ್ರೆ ಗೊತ್ತಾಗಲ್ವಾ?'

ಮೂಲೆಯನ್ನು ಹೀಗೆ ಹಾಳು ಮಾಡುವುದು ಚಿಕ್ಕ ವಿಷಯವಲ್ಲ. ಕೈ ಒಂದು ಗುರಿಯನ್ನು ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ 1954ರಲ್ಲೇ ಸೂತ್ರ ಬರೆದಿಟ್ಟಿದ್ದಾನೆ. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಹೊತ್ತು ಹೆಚ್ಚು. ಕಂಪ್ಯೂಟರ್ ಪರದೆಗಳನ್ನು ರೂಪಿಸುವವರು ಅದರಿಂದ ಒಂದು ಒಳ್ಳೆಯ ಪಾಠ ಕಲಿತಿದ್ದರು. ಪರದೆಯ ಮೂಲೆಗೆ ಮೌಸಿನ ಬಾಣವನ್ನು ಎಷ್ಟೇ ಜೋರಾಗಿ ತಳ್ಳಿದರೂ ಅದು ಆಚೆ ಹೋಗಲಾರದು, ಅಲ್ಲೇ ನಿಲ್ಲುತ್ತದೆ. ಅಂದಮೇಲೆ ನೋಡದೆಯೇ ಮುಟ್ಟಬಹುದಾದ ಜಾಗವೆಂದರೆ ನಾಲ್ಕು ಮೂಲೆಗಳೇ. ಕೈ ನಡುಗುವ ಮುದುಕರಿಗೆ, ಕನ್ನಡಕವನ್ನು ಮನೆಯಲ್ಲಿ ಮರೆತು ಬಂದವರಿಗೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಂದೇ ಕೈಯಲ್ಲಿ ಅರ್ಜಿ ತುಂಬುವ ತಾಯಂದಿರಿಗೆ ಮೂಲೆಯಂಥ ಆಸರೆ ಇನ್ನೊಂದಿಲ್ಲ. ಅಂಥ ಜಾಗದಲ್ಲಿ ಬಿಸಿಲನ್ನು ತಂದು ಕೂರಿಸಿದ್ದಾರೆ.

ಈ ಗುಂಡಿಯ ಜಾತಕದಲ್ಲೇ ಅಲೆದಾಟ ಇದೆಯೋ ಏನೋ. ಅದು ಹುಟ್ಟಿದ್ದು 1995ರ ಆಗಸ್ಟ್ 24ರಂದು, ವಿಂಡೋಸ್ 95ರ ಜೊತೆಗೆ. ಹೆಸರಿಡುವ ದಿನದ ಸಂಭ್ರಮಕ್ಕೆ ರೋಲಿಂಗ್ ಸ್ಟೋನ್ಸ್ ತಂಡದ ಹಾಡನ್ನೇ ತರಿಸಿದ್ದರು. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ ಅದೇ ಗುಂಡಿಯನ್ನು ಎತ್ತಿ, ಪರದೆ ತುಂಬ ಚೌಕಗಳನ್ನು ಹರಡಿಬಿಟ್ಟರು. ಇನ್ನೇನು ಎಲ್ಲರೂ ಪರದೆಯನ್ನೇ ಬೆರಳಲ್ಲಿ ಮುಟ್ಟುತ್ತಾರೆ, ಗುಂಡಿ ಯಾಕೆ ಎಂಬ ಎಣಿಕೆ. ಕಂಪ್ಯೂಟರನ್ನು ಆರಿಸುವುದು ಹೇಗೆಂದೇ ತಿಳಿಯದೆ ಜನ ಬೊಬ್ಬೆ ಹಾಕಿದರು. ವರ್ಷ ತುಂಬುವುದರೊಳಗೆ, 2013ರ ಅಕ್ಟೋಬರಿನಲ್ಲಿ, 8.1ರ ರೂಪದಲ್ಲಿ ಗುಂಡಿ ವಾಪಸು ಬಂತು. ಒತ್ತಿದರೆ ಮಾತ್ರ ಹಳೆಯ ಪಟ್ಟಿ ತೆರೆಯದೆ, ಯಾವುದನ್ನು ಬೇಡವೆಂದು ಬೊಬ್ಬೆ ಹಾಕಿದ್ದರೋ ಆ ಚೌಕಗಳ ಪರದೆಯೇ ತೆರೆಯುತ್ತಿತ್ತು. ಪಟ್ಟಿ ಮರಳಲು 2015ರ ವಿಂಡೋಸ್ 10ರವರೆಗೆ ಕಾಯಬೇಕಾಯಿತು. ಈ ಗಲಾಟೆ ಯಾವುದೂ ನನ್ನ ಅಂಗಡಿಗೆ ತಟ್ಟಲಿಲ್ಲ. ಆಗೆಲ್ಲ ನಮ್ಮಲ್ಲಿ ಎಕ್ಸ್‌ಪಿ ಆರಾಮಾಗಿ ಓಡುತ್ತಿತ್ತು. ಬೆಂಗಳೂರಿನಿಂದ ಒಂದಿಷ್ಟು ದೂರ ಇರುವುದರ ಲಾಭ ಇದು, ಕೆಲವು ಕಷ್ಟಗಳು ನಮ್ಮನ್ನು ಮುಟ್ಟುವಷ್ಟರಲ್ಲಿ ಬಗೆಹರಿದಿರುತ್ತವೆ.

ಅಂಗಡಿಯಲ್ಲಿ ನನಗೆ ಜೊತೆಯಾಗಿರುವ ಹುಡುಗಿ ಚುರುಕು. ಸೆಟ್ಟಿಂಗಿಗೆ ಹೋಗಿ ಗುಂಡಿಯನ್ನು ಎಡಕ್ಕೆ ತಂದಳು. ಬಿಸಿಲು ಎದ್ದು ಬಲಕ್ಕೆ ಹೋಗಿ ಕೂತಿತು. 'ಅದನ್ನೂ ತೆಗೀಬೋದು ಅಣ್ಣಾ' ಎಂದಳು. ಅಷ್ಟರಲ್ಲಿ ಇನ್ನೊಂದು ತಾಪತ್ರಯ. ಮೌಸಿನ ಬಲಗುಂಡಿ ಒತ್ತಿದರೆ ಹಿಂದೆ ಕಟ್, ಕಾಪಿ, ಪೇಸ್ಟ್ ಎಂದು ಬರೆದ ಪಟ್ಟಿ ಬರುತ್ತಿತ್ತು. ಈಗ ಒಂದು ಕತ್ತರಿ, ಎರಡು ಹಾಳೆ, ಒಂದು ರಟ್ಟು, ಒಂದು ಕಸದ ಬುಟ್ಟಿ, ಎಲ್ಲ ಅವರೆಕಾಳಿನಷ್ಟು. ಬೇಕಾದ್ದು ಅಲ್ಲಿ ಸಿಗದಿದ್ದರೆ ತಳದಲ್ಲಿ 'ಇನ್ನಷ್ಟು ಆಯ್ಕೆ' ಎಂದಿದೆ. ಅದನ್ನು ಒತ್ತಿದರೆ ಹಳೆಯ ಪಟ್ಟಿ ಇದ್ದದ್ದು ಇದ್ದಂತೆ, ಒಂದು ಗೆರೆಯೂ ಬದಲಾಗದೆ ಹೊರಗೆ ಬರುತ್ತದೆ! ಹಾಗಾದರೆ ಹಳೆಯದು ಸತ್ತಿಲ್ಲ. ಹಿತ್ತಲಿಗೆ ಕಳಿಸಿ, ಮುಂದಿನ ಜಗಲಿಯಲ್ಲಿ ಹೊಸದನ್ನು ಕೂರಿಸಿದ್ದಾರೆ, ಅಷ್ಟೆ. ಬಂದ ನೆಂಟರನ್ನೆಲ್ಲ ನಾವು ಹಿತ್ತಲಿಗೇ ಕರೆದುಕೊಂಡು ಹೋಗುತ್ತಿದ್ದೇವೆ.

ಮಾತೆತ್ತಿದರೆ ಒಪ್ಪಿಗೆ ಕೇಳುವುದು ಇನ್ನೊಂದು ಚಾಳಿ. ನಿಮ್ಮ ಕಡತಗಳನ್ನು ನಮ್ಮಲ್ಲಿ ಇಟ್ಟುಕೊಳ್ಳಲೇ, ನಿಮ್ಮ ಊರು ತಿಳಿದುಕೊಳ್ಳಲೇ, ನಿಮಗೆ ಹಿಡಿಸುವ ಜಾಹೀರಾತು ತೋರಿಸಲೇ. ಎಷ್ಟೋ ಸಲ ಕೊಟ್ಟಿರುವ ಉತ್ತರಗಳು ಎರಡೇ: 'ಒಪ್ಪುತ್ತೇನೆ', 'ಆಮೇಲೆ ನೆನಪಿಸಿ'. 'ಬೇಡ' ಎನ್ನುವುದು ಅಲ್ಲಿ ಇರುವುದೇ ಇಲ್ಲ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಎಂದು ನಾಡಿಗೆಲ್ಲ ಹೇಳಿಕೊಂಡು ಬಂದ ಎಚ್. ನರಸಿಂಹಯ್ಯನವರು ನಮ್ಮ ತಾಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲೆಂದು ಸಮಿತಿಯನ್ನೇ ಮಾಡಿದವರು. ಅಂಥವರ ತಾಲೂಕಿನಲ್ಲಿ ಕೂತು ನಾನು ದಿನಕ್ಕೆ ಎಷ್ಟು ಸಲ, ಓದದೆ, ಕೇಳದೆ, 'ಒಪ್ಪುತ್ತೇನೆ' ಒತ್ತುತ್ತೇನೋ. ಎಚ್ಚೆನ್ ಇದ್ದಿದ್ದರೆ ಇನ್ನೊಂದು ಸಮಿತಿ ಮಾಡುತ್ತಿದ್ದರು.

ಇವೆಲ್ಲ ಸಹಿಸಬಹುದು. ಉಸಿರು ನಿಂತದ್ದು ಕನ್ನಡಕ್ಕೆ ಬಂದಾಗ.

ನಮ್ಮ ಅಂಗಡಿಯ ಅನ್ನ ನುಡಿ. ಕನ್ನಡ ಗಣಕ ಪರಿಷತ್ತಿನವರು ಮಾಡಿ, ಸರ್ಕಾರ ಬಿಟ್ಟಿಯಾಗಿ ಹಂಚಿದ ತಂತ್ರಾಂಶ. ಅದರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಲು ಕೀಲಿಮಣೆಯ ಮೇಲಂಚಿನ ಸ್ಕ್ರೋಲ್ ಲಾಕ್ ಕೀಲಿ ಒತ್ತಬೇಕು. ಅದನ್ನು ಇಟ್ಟವರ ಉದ್ದೇಶ ಪರದೆಯ ಓಟವನ್ನು ಹಿಡಿದು ನಿಲ್ಲಿಸುವುದಂತೆ. ಆ ಕೆಲಸಕ್ಕೆ ಅದನ್ನು ಯಾರಾದರೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಮಾತ್ರ ಅದು ಕನ್ನಡದ ಹೆಬ್ಬಾಗಿಲು. ಎಷ್ಟೋ ಅಂಗಡಿಗಳಲ್ಲಿ ಉಳಿದ ಕೀಲಿಗಳ ಅಕ್ಷರ ನಿಚ್ಚಳವಾಗಿದ್ದು, ಇದೊಂದು ಮಾತ್ರ ಸವೆದು ನುಣ್ಣಗಾಗಿರುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇಲ್ಲ. ಯಾರೂ ಬಳಸುವುದಿಲ್ಲ ಎಂದು ತೆಗೆದರಂತೆ. ಯಾರನ್ನು ಕೇಳಿ ತೆಗೆದರು? ಕೊನೆಗೆ ಹುಡುಗಿ ಪರದೆಯ ಮೇಲೆಯೇ ಒಂದು ಕೀಲಿಮಣೆಯ ಚಿತ್ರ ತರಿಸಿ, ಅದರಲ್ಲಿ ಆ ಕೀಲಿಯನ್ನು ಹುಡುಕಿ, ಮೌಸಿನಿಂದ ಚುಚ್ಚಿ ಕನ್ನಡಕ್ಕೆ ದಾಟಿಸಿದಳು. ಸರ್ವೆ ನಂಬರು ಬಂದರೆ ಇಂಗ್ಲಿಷಿಗೆ, ಮತ್ತೆ ಚುಚ್ಚು. ಗ್ರಾಮದ ಹೆಸರು ಬಂದರೆ ಕನ್ನಡಕ್ಕೆ, ಮತ್ತೆ ಚುಚ್ಚು.

ಆ ಹೊತ್ತಿಗೆ ವಿದುರಾಶ್ವತ್ಥದಲ್ಲಿ ನಾಗಪ್ರತಿಷ್ಠೆ ಮಾಡಿಸುವವರೊಬ್ಬರು ಕಳೆದ ಸಲದ ಆಹ್ವಾನ ಪತ್ರಿಕೆಯನ್ನೇ ತಾರೀಖು ಬದಲಾಯಿಸಿ ಕೊಡಿ ಎಂದು ಬಂದರು. ಹಳೆಯ ಕಡತ ತೆರೆದೆ. ಹೊಸ ಮಷೀನಿಗೆ ನುಡಿಯ ಹಳೆಯ ಅಕ್ಷರಗಳನ್ನು ಇನ್ನೂ ಹಾಕಿರಲಿಲ್ಲ. ಆ ಅಕ್ಷರಗಳ ಗುಟ್ಟು ಗೊತ್ತಿದ್ದವರಿಗೆ ಮುಂದಿನದು ಗೊತ್ತೇ ಇದೆ. ಕಂಪ್ಯೂಟರಿನಲ್ಲಿ ಕನ್ನಡಕ್ಕೆಂದು ಸ್ವಂತ ಮನೆ ಇಲ್ಲದಿದ್ದ ಕಾಲದಲ್ಲಿ ನಮ್ಮ ಅಕ್ಷರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇಟ್ಟಿದ್ದರು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ನಿವೇಶನ ಕೊಟ್ಟಿತಾದರೂ ನಮ್ಮ ಕಡತಗಳು ಬಾಡಿಗೆ ಮನೆಯಲ್ಲೇ ಉಳಿದವು. ನುಡಿ ಅಕ್ಷರ ಇಲ್ಲದ ಯಂತ್ರದಲ್ಲಿ ತೆರೆದರೆ ಮೂಲ ಮಾಲೀಕರು ಬಾಗಿಲು ತೆಗೆಯುತ್ತಾರೆ. 'ನ'ಕಾರದ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು ನಿಲ್ಲುತ್ತದೆ. ನಾರಾಯಣಪ್ಪ, ನರಸಿಂಹಪ್ಪ, ನಂಜಮ್ಮ ಎಲ್ಲರೂ ಒಂದೊಂದು ಪೌಂಡಿನಿಂದ ಶುರು. ಊರಿನ ಹೆಸರಂತೂ ನೋಡುವ ಹಾಗಿತ್ತು. 'ಗೌರಿ' ಎಂಬಲ್ಲಿ ಒಂದು ಯು, ತಲೆಯ ಮೇಲೆ ಎರಡು ಚುಕ್ಕೆಯಿಟ್ಟ ಒಂದು ಇ, ಒಂದು ಜೆ. 'ಬಿ' ಇರಬೇಕಾದಲ್ಲಿ ವೃತ್ತದೊಳಗೆ ಸಿ, ಅಂದರೆ ಕಾಪಿರೈಟ್ ಗುರುತು. ಮುಂದೆ 'ನೂರು' ಬರುವಷ್ಟರಲ್ಲಿ ಪೌಂಡು. ಲಂಡನ್ನಿನಲ್ಲಿ ಯಾರೋ ಗೌರಿಬಿದನೂರಿನ ಹಕ್ಕುಸ್ವಾಮ್ಯ ಬರೆಸಿಕೊಂಡು ದುಡ್ಡು ಎಣಿಸುತ್ತಿರುವಂತಿತ್ತು.

ಗಿರಾಕಿ ತುಂಬಾ ಹೊತ್ತು ನೋಡಿದರು. 'ಸರ್ಪಗಳು ಹರಿದಾಡ್ದಂಗೆ ಐತಲ್ಲ ಸಾರ್. ನಾಗಪ್ಪಂದು ಅಂತಾನಾ?'

ಅಕ್ಷರ ಹಾಕಿಸಿ, ತಾರೀಖು ತಿದ್ದಿ, ಇನ್ನೇನು ಪ್ರಿಂಟ್ ಕೊಡಬೇಕು, ಪರದೆ ನೀಲಿಯಾಗಿ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದಿತು. ನಾನು ಮಾಡುವುದಿಲ್ಲ, ಕರೆಂಟಿನವರಿಗೆ ಯಾರು ಹೇಳಬೇಕು? ಲ್ಯಾಪ್‌ಟಾಪಿನ ಬ್ಯಾಟರಿ ಹೇಗೋ ಉಳಿಸಿತು. ನಮ್ಮೂರಿನ ಆಚೆ 1965ರಿಂದ ಅಣುಶಕ್ತಿಯವರ ಭೂಕಂಪ ಮಾಪನ ಕೇಂದ್ರ ಇದೆ. ದೂರದ ದೇಶಗಳಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೆ ಅದರ ಕಂಪನವನ್ನು ಇಲ್ಲಿ ಹಿಡಿಯುತ್ತಾರೆ. ಆ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಆದದ್ದು ಅವರ ಕಾಗದದಲ್ಲಿ ಗೀಟಾಗಿ ಮೂಡಿರಲೇಬೇಕು, ಯಾವ ದೇಶದ ಮೇಲೆ ಅನುಮಾನ ಪಟ್ಟರೋ.

ಇಷ್ಟರ ನಡುವೆ ಒಂದು ವಸ್ತು ಮಾತ್ರ ಅಲ್ಲಾಡಿಲ್ಲ: ಕೀಲಿಮಣೆಯ ಅಕ್ಷರಗಳು. ಶೋಲ್ಸ್ ಎಂಬ ಅಮೆರಿಕದವನು 1870ರ ದಶಕದಲ್ಲಿ ಟೈಪ್‌ರೈಟರಿಗೆಂದು ಜೋಡಿಸಿದ ಸಾಲು ಹೆಚ್ಚುಕಡಿಮೆ ಹಾಗೇ ಉಳಿದಿದೆ. ಕೆ. ಪಿ. ರಾವ್ ಅದರ ಮೇಲೆಯೇ ಕನ್ನಡವನ್ನು ಕೂರಿಸಿದರು. 'ಕೆ' ಒತ್ತಿದರೆ ಕ, 'ಜಿ' ಒತ್ತಿದರೆ ಗ, ಒತ್ತಕ್ಷರ ಬೇಕೆಂದರೆ ನಡುವೆ ಒಂದು 'ಎಫ್'. ನನ್ನ ಎಡಗೈಯ ತೋರುಬೆರಳಿಗೆ ಆ ಎಫ್ ಎಷ್ಟು ಮೈಗೂಡಿದೆಯೆಂದರೆ, ಪೆನ್ನಿನಲ್ಲಿ 'ಅಶ್ವತ್ಥ' ಬರೆಯುವಾಗಲೂ ಅದು ಎರಡು ಸಲ ಮಿಡಿಯುತ್ತದೆ. ಕೀಲಿಮಣೆಯನ್ನು ಇದಕ್ಕಿಂತ ಚೆನ್ನಾಗಿ ಜೋಡಿಸಬಹುದು ಎಂದು ಲೆಕ್ಕ ಹಾಕಿ ತೋರಿಸಿದವರು ಬಹಳ ಮಂದಿ. ಅವರು ಹೇಳಿದ್ದು ಸರಿಯೇ ಇರಬಹುದು. ಕೋಟ್ಯಂತರ ಬೆರಳುಗಳು ಕಲಿತದ್ದನ್ನು ಮರೆಯಬೇಕಾಗುತ್ತದಲ್ಲ ಎಂಬ ಅಂಜಿಕೆಯಿಂದ ಯಾರೂ ಅದಕ್ಕೆ ಕೈ ಹಾಕಲಿಲ್ಲ. ಪರದೆಯ ಮೇಲಿನ ಗುಂಡಿಗಳ ವಿಷಯದಲ್ಲಿ ಆ ಅಂಜಿಕೆ ಏಕಿಲ್ಲ ಎಂಬುದೇ ನನ್ನ ತಕರಾರು. ಒಳಗೆ ಏನು ಬೇಕಾದರೂ ಬದಲಾಯಿಸಿಕೊಳ್ಳಲಿ, ಬೇಗ ಓಡಲಿ, ಕಳ್ಳಕಾಕರು ನುಗ್ಗದಿರಲಿ. ಬಾಗಿಲನ್ನು ಬಾಗಿಲಿದ್ದ ಕಡೆ ಬಿಡಬಾರದೇ?

ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ, ಸ್ಕ್ರೋಲ್ ಲಾಕ್ ಇರುವ ಬಿಡಿ ಕೀಲಿಮಣೆ ಹುಡುಕಿಕೊಂಡು. ಅಂಗಡಿಯ ಹುಡುಗ ದೀಪ ಮಿನುಗುವುದು, ವೈರ್ ಇಲ್ಲದ್ದು, ಮಡಚುವಂಥದ್ದು ಎಲ್ಲ ತೋರಿಸಿದ. ನಾನು ಪ್ರತಿಯೊಂದರ ಬಲಮೂಲೆಯನ್ನಷ್ಟೇ ನೋಡಿ ತಲೆಯಾಡಿಸುತ್ತಿದ್ದೆ. ಅಟ್ಟದಿಂದ ಧೂಳು ಹಿಡಿದ ಒಂದನ್ನು ಇಳಿಸಿಕೊಟ್ಟ. ಈಗ ನನ್ನ ಹೊಸ ಲ್ಯಾಪ್‌ಟಾಪಿನ ಮುಂದೆ ಅದಕ್ಕಿಂತ ಉದ್ದದ ಹಳೆಯ ಕೀಲಿಮಣೆ ಮಲಗಿದೆ. ಲ್ಯಾಪ್‌ಟಾಪಿನ ಸ್ವಂತ ಕೀಲಿಗಳ ಮೇಲೆ ಗಿರಾಕಿಗಳು ಆಧಾರ್ ಕಾರ್ಡು, ಚಿಲ್ಲರೆ ಇಡುತ್ತಾರೆ.

ಖರ್ಚು ಇಷ್ಟಾದ ಮೇಲೆ ಪುಟಕ್ಕೆ ಐದು ರೂಪಾಯಿ ಜಾಸ್ತಿ ಮಾಡಿದ್ದೇನೆ. ಮೊನ್ನೆ ತೊಂಡೇಭಾವಿ ಕಡೆಯ ಯಜಮಾನರೊಬ್ಬರು ಅರ್ಜಿ ಹೊಡೆಸಲು ಬಂದವರು ರೇಟು ಕೇಳಿ ಹುಬ್ಬೇರಿಸಿದರು.

'ಯಾಕ್ ಸಾರ್, ಹೋದ್ಸಲ ಕಮ್ಮಿ ಇತ್ತಲ್ಲ?'

'ಹೊಸ ಕಂಪ್ಯೂಟರ್ ಬಂದಿದೆ ಯಜಮಾನ್ರೇ. ಎಲ್ಲ ಹೊಸ ವ್ಯವಸ್ಥೆ.'

'ಬೇಗ ಆಯ್ತದಾ?'

'ಇಲ್ಲ, ಸ್ವಲ್ಪ ತಡ ಆಗುತ್ತೆ.'

ಯಜಮಾನರು ಕಲ್ಲುಬೆಂಚಿನ ಮೇಲೆ ಕೂತು ಟವೆಲ್ ಕೊಡವಿದರು. 'ಹಂಗಾದ್ರೆ ಹಳೇದ್ರಲ್ಲೇ ಹೊಡ್ಕೊಡಿ ಸಾರ್. ನಂಗೆ ಅರ್ಜೆಂಟೈತೆ.'