ತಾಯಿ ಹಿಂದೆ, ಕುಕ್ಕರ್ ಮುಂದೆ

ಸಣ್ಣ ಜಾಹೀರಾತು ಏಜೆನ್ಸಿಯಲ್ಲಿ ಹುದ್ದೆಗಳಿಗೆ ಬರವಿಲ್ಲ, ಜನಕ್ಕೆ ಮಾತ್ರ ಬರ. ಜಯನಗರದ ನಮ್ಮ ಮಹಡಿ ಆಫೀಸಿನಲ್ಲಿ ಬೆಳಿಗ್ಗೆ ಕಾಪಿರೈಟರ್ ಆಗಿದ್ದವಳೇ ಮಧ್ಯಾಹ್ನ ಅಕೌಂಟ್ ಮ್ಯಾನೇಜರ್. ಕರೆಂಟು ಹೋದರೆ ಯುಪಿಎಸ್ ರಿಪೇರಿಯೂ ಅವಳದೇ.

ನವೆಂಬರ್ 1 ಬಂತೆಂದರೆ ಗ್ರಾಹಕರಿಗೆಲ್ಲ ಕನ್ನಡ ಉಕ್ಕುತ್ತದೆ. ಉಕ್ಕುವುದು ಅಕ್ಟೋಬರ್ 31ರ ರಾತ್ರಿ, ಊಟದ ಮೇಲೆ. "ಭುವನೇಶ್ವರಿ ತಾಯಿ ಚೆನ್ನಾಗಿದ್ದಾಳೆ ಮೇಡಂ, ನಮ್ಮ ಕುಕ್ಕರ್ ಸ್ವಲ್ಪ ಮುಂದೆ ಬರಲಿ." ತಾಯಿ, ಪಾಪ, ಹಿಂದೆ ಸರಿಯುತ್ತಾಳೆ. ಲೋಗೋ ಇನ್ನಷ್ಟು ಊದುತ್ತದೆ.

ಬಿಲ್ ಕಳಿಸಿದರೆ ಮಾತ್ರ ಮೌನವ್ರತ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಇದೆ. ಹಣ ಬರಲಿ ಬಿಡಲಿ, ಶೇ 18 ಜಿಎಸ್‌ಟಿ ನಾವು ಕಟ್ಟಬೇಕು.

ಧಣಿಗಳೇ, ನಿಮ್ಮ ಕುಕ್ಕರ್ ಮೂರು ಸಲ ಕೂಗಿದರೆ ಅನ್ನವಾದರೂ ಆಗುತ್ತದೆ. ನಾವು ಕೂಗಿ ಸುಸ್ತಾದೆವು, ಬಾಕಿ ಚುಕ್ತಾ ಮಾಡಿ!