ಮೊದಲು ಪಾಲು, ಆಮೇಲೆ ಗ್ರೀಸು

ಕುಂದಾಪುರದ ಪಂಚಗಂಗಾವಳಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ನಮ್ಮ ಭಾವ ಒಂದು ಬೋಟು ಇಟ್ಟಿದ್ದಾರೆ. ಹಿಂದೆ ಔಟ್‌ಬೋರ್ಡ್ ಎಂಜಿನ್ನು, ಮುಂದೆ ಸ್ಟಿಯರಿಂಗು, ನಡುವೆ ಒಂದು ಕೇಬಲ್ಲು. ಮಳೆಗಾಲವಿಡೀ ದಡದಲ್ಲಿ ಮಲಗಿದ್ದ ಬೋಟನ್ನು ನವರಾತ್ರಿಗೆ ನೀರಿಗಿಳಿಸಿದರೆ, ಸ್ಟಿಯರಿಂಗು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

ಕೆಟ್ಟು ನಿಂತ ಬೋಟಿನ ಹತ್ತಿರ ಜನ ಸೇರುವಷ್ಟು ಬೇಗ ಗ್ರಾಮಸಭೆಯಲ್ಲೂ ಸೇರುವುದಿಲ್ಲ. ಒಬ್ಬರು ತೆಂಗಿನೆಣ್ಣೆ ಬಿಡಿ ಅಂದರು. ಇನ್ನೊಬ್ಬರು ದೃಷ್ಟಿ ತೆಗೆಸಿ ಅಂದರು. ಕೈಗೆ ಸಿಕ್ಕಿದವನೇ ಕಳ್ಳ ಎಂಬಂತೆ ಎಲ್ಲರ ಕಣ್ಣೂ ಸ್ಟಿಯರಿಂಗಿನ ಮೇಲೆಯೇ. ಭಾವ ಸುತ್ತಿಗೆ ಹುಡುಕುತ್ತಿರುವಾಗ ಮೆಕ್ಯಾನಿಕ್ ಬಂದ. ಕವಳ ಉಗಿದು ಬಾಯಿ ಬಿಟ್ಟ.

“ಒಟ್ಟಿಗೆ ಇದ್ದರೆ ತಂಟೆ ಯಾರದ್ದಂತ ಗೊತ್ತಾಗುದಿಲ್ಲ ಮಾರಾಯ್ರೆ. ಮೊದಲು ಪಾಲು ಮಾಡುವ.”

ಕೇಬಲ್ಲಿಗೂ ಎಂಜಿನ್ನಿಗೂ ನಡುವಿನ ಕೊಂಡಿ ಕಳಚಿ, ಎಂಜಿನ್ನನ್ನು ಕೈಯಲ್ಲೇ ನೂಕಿದ. ಅದು ತೆಪ್ಪಗೆ ತಿರುಗಿತು. “ಇವ ಪಾಪದವ. ಇವನೇ ಬಿಗಿಯಾಗಿದ್ದರೆ ಇವನ ತಿರುಗಣೆಗೆ ಗ್ರೀಸು ಕೊಡಬೇಕಿತ್ತು.” ಸ್ಟಿಯರಿಂಗು ಮಾತ್ರ ಈಗಲೂ ಅಲುಗದು. ಅಂದರೆ ತಂಟೆ ಕೇಬಲ್ಲಿನ ಕಡೆಯದ್ದು.

ಕೇಬಲ್ಲಿನ ತುದಿಯ ಉಕ್ಕಿನ ಸರಳು ಎಂಜಿನ್ನಿನ ಒಂದು ಕೊಳವೆಯೊಳಗೆ ಜಾರಬೇಕು. ನಟ್ಟು ಬಿಚ್ಚಿ ಸರಳು ಎಳೆದರೆ, ಉಪ್ಪಿನ ಬಿಳಿ ಪುಡಿ, ಕಪ್ಪಗೆ ಗಟ್ಟಿಯಾದ ಹಳೇ ಗ್ರೀಸು. ಉಪ್ಪುನೀರಿನ ಕೆಲಸ. ಸರಳು ಹೊರಬಂದದ್ದೇ ಸ್ಟಿಯರಿಂಗು ಸಲೀಸಾಗಿ ತಿರುಗಿತು. “ಕೇಬಲ್ ಬಚಾವ್. ಅದರ ಹೊಟ್ಟೆಯೊಳಗೆ ತುಕ್ಕು ಹಿಡಿದಿದ್ದರೆ ಎಣ್ಣೆ, ಮಂತ್ರ ಯಾವುದೂ ನಡೆಯುದಿಲ್ಲ, ಹೊಸತೇ ಹಾಕಬೇಕು.”

ಸರಳನ್ನು ಎಮರಿ ಕಾಗದದಿಂದ ಉಜ್ಜಿ, ಕೊಳವೆಗೆ ಬ್ರಷ್ ತೂರಿಸಿ, ಮರೈನ್ ಗ್ರೀಸು ಬಳಿದು ಜೋಡಿಸಿದ. ಇನ್ನು ಮುಂದೆ ಗನ್ನಿನಲ್ಲಿ ಗ್ರೀಸು ಹೊಡೆಯುವಾಗ ಸರಳು ಪೂರ್ತಿ ಒಳಗೆ ಸರಿದಿರಬೇಕೆಂದು ತಾಕೀತು ಮಾಡಿದ. ಸರಳು ಹೊರಗೆ ಚಾಚಿರುವಾಗ ಹೊಡೆದರೆ ಗ್ರೀಸೇ ಅಡ್ಡ ನಿಂತು ಸ್ಟಿಯರಿಂಗನ್ನು ಕಟ್ಟಿಹಾಕುತ್ತದಂತೆ.

ಬೋಟು ತಿರುಗಿತು. ತೆಂಗಿನೆಣ್ಣೆಯವರು, “ಜಿಡ್ಡಿನದ್ದೇ ಸಮಸ್ಯೆ ಅಂತ ನಾನು ಆಗಲೇ ಹೇಳಲಿಲ್ವಾ?” ಎಂದು ಎದೆಯುಬ್ಬಿಸಿದರು. ಕೂಲಿ ಕೇಳಿದಾಗ ಭಾವನ ಮುಖ ಸಣ್ಣದಾಯಿತು.

“ಒಂದು ಮುಷ್ಟಿ ಗ್ರೀಸಿಗೆ ಇಷ್ಟೆಲ್ಲವಾ?”

“ಗ್ರೀಸು ಧರ್ಮಕ್ಕೆ. ದುಡ್ಡು ಪಾಲು ಮಾಡಿದ್ದಕ್ಕೆ. ವಕೀಲರ ಹತ್ತಿರ ಹೋಗಿದ್ದರೆ ಎಷ್ಟಾಗ್ತಿತ್ತು ಹೇಳಿ?”

ಅಣ್ಣನ ಮೇಲೆ ಮನೆಪಾಲಿನ ಕೇಸು ಹಾಕಿ ವರ್ಷಗಟ್ಟಲೆಯಿಂದ ಕೋರ್ಟಿಗೆ ಅಲೆಯುತ್ತಿರುವ ಭಾವ, ಮರುಮಾತಿಲ್ಲದೆ ಜೇಬಿಗೆ ಕೈ ಹಾಕಿದರು.